ಡೈನಮೋಗೆ ಬಳಿದ ಬಣ್ಣ

೧೯-೧೦-೧೯೭೮, ಗುರುವಾರ, ನ್ಯಾಮತಿ

ಲಾರಿಯ ಬ್ಯಾಟರಿ ಮತ್ತೆ ಇಳಿಯಿತು. ಜಗಳೂರಿನಿಂದ ಶೇಂಗಾ ತರುವಾಗ ದೀಪ ಮಂಕಾಗಿ, ಡ್ರೈವರ್ ಉಚ್ಚಂಗೆಪ್ಪ ಬೆಳಗಾಗುವ ತನಕ ದಾರಿಯಲ್ಲೇ ನಿಂತಿದ್ದನಂತೆ. ದಸರಾ ಹಬ್ಬದಿಂದೀಚೆಗೆ ಇದೇ ಗೋಳು. ಬ್ಯಾಟರಿ ಹೊಸದು, ಬೆಲ್ಟ್ ಬಿಗಿಯಾಗಿದೆ, ಡೈನಮೋದ ಬ್ರಶ್ಶೂ ಬದಲಾಯಿಸಿದ್ದಾಗಿದೆ. ಸಾಕು, ನಾಳೆ ಹೊನ್ನಾಳಿಯ ಓಂಕಾರಪ್ಪನಿಗೆ ಲಾರಿ ಮಾರಿಬಿಡುತ್ತೇನೆ, ಬೇರೆ ಕೆಲಸ ನೋಡಿಕೋ ಎಂದು ಉಚ್ಚಂಗೆಪ್ಪನಿಗೂ ಹೇಳಿಬಿಟ್ಟಿದ್ದೆ.

ಮಧ್ಯಾಹ್ನ ಸುಮ್ಮನೆ ಬಾನೆಟ್ ಎತ್ತಿದೆ. ಡೈನಮೋ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದನ್ನು ಕೂರಿಸಿದ ಕಬ್ಬಿಣಕ್ಕೂ, ಅರ್ತ್ ತಂತಿಯ ಬುಡಕ್ಕೂ ಬಣ್ಣ. ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು ‘ಕರೆಂಟ್ ಮಸ್ಟ್ ರಿಟರ್ನ್ ಟು’ ಅನ್ನುತ್ತಿದ್ದರು; ಕರೆಂಟು ಮರಳಲೇಬೇಕು, ಎಲ್ಲಿಗೆ ಎನ್ನುವುದು ಮರೆತಿದೆ. ಬಣ್ಣ ಅಡ್ಡ ಬಂದರೆ ಕರೆಂಟು ಹರಿಯುವುದಿಲ್ಲ ಎನ್ನುವುದಷ್ಟೇ ನೆನಪು.

“ಯಾರೋ ಇದನ್ನ ಬಳಿದಿದ್ದು?” ಎಂದು ಉಚ್ಚಂಗೆಪ್ಪನನ್ನು ಕೇಳಿದೆ.

“ನಾನೇ ರೀ. ಅಮ್ಮಾರು ಹೋಗಿ ವರ್ಷ ಆಗಿಲ್ಲ, ಆಯುಧಪೂಜೆ ಬ್ಯಾಡ ಅಂದ್ರಿ. ಅವ್ರಿದ್ದಿದ್ರೆ ಬಣ್ಣ ಇಲ್ದೆ ಬಿಡ್ತಿದ್ರೇನ್ರಿ? ಅದಕ್ಕೇ ನಿಮ್ಗೆ ಕಾಣದಂಗೆ ಒಳಗಡೆ ಬಳಿದೆ.”

ಬೈಯಬೇಕಿತ್ತು. ಬೈಗುಳ ಬರಲಿಲ್ಲ, ಅಳುವೂ ಬರಲಿಲ್ಲ. ಹೆಂಡತಿ ಅಂಜಮ್ಮ ಹೋದಾಗಿನಿಂದ ಹೀಗೇ. ಇಬ್ಬರೂ ಚಾಕುವಿನಲ್ಲಿ ತಂತಿಯ ಬುಡ ಕೆರೆದೆವು. ಜನ ಕರೆದು ತಳ್ಳಿಸಿ ಶುರುಮಾಡಿದರೆ, ಚಾರ್ಜಿನ ಕೆಂಪು ದೀಪ ಆರಿತು; ಬ್ಯಾಟರಿಗೆ ಕರೆಂಟು ಹೋಗುತ್ತಿದೆ ಎಂದರ್ಥ. ಖುಷಿಯೂ ಆಗಲಿಲ್ಲ.

“ಉಳಿದಿದ್ದೂ ಕೆರೆದುಬಿಡ್ಲೇನ್ರಿ?”

“ಇರ್ಲಿ ಬಿಡು. ಮುಂದಿನ ವರ್ಷ ತಂತಿ ಜಾಗ ಬಿಟ್ಟು ಬಳಿ.”

ಅವನು ನನ್ನ ಮುಖವನ್ನೇ ನೋಡಿದ. ಮುಂದಿನ ವರ್ಷ ಎಂದು ನನ್ನ ಬಾಯಲ್ಲಿ ಹೇಗೆ ಬಂತೋ. ನಾಳೆ ಓಂಕಾರಪ್ಪ ಬಂದರೆ ಬರೀ ಕಾಫಿ ಕೊಟ್ಟು ಕಳಿಸಬೇಕು. ಮನೆಯಲ್ಲಿ ಹಾಲು ಇದೆಯೋ ಇಲ್ಲವೋ, ನೋಡಬೇಕು.