ಜೋಗುಳದ ಸಿ.ಡಿ.

ಮೈಲಾಪೂರ್, ಚೆನ್ನೈ
೧೭ ಆಗಸ್ಟ್ ೨೦೦೪

ಚಿ. ಸೌ. ಸಂಹಿತಾಳಿಗೆ ಅಮ್ಮನ ಆಶೀರ್ವಾದ. ಇನ್ನೂ ಹೆಸರಿಲ್ಲದ ನಿನ್ನ ಪುಟ್ಟಿಗೂ ಅದರಲ್ಲಿ ಅರ್ಧ ಪಾಲು.

ಮಗು ಹುಟ್ಟಿದ ಸುದ್ದಿಯನ್ನು ಅಳಿಯ ಅನಿಕೇತ್ ಫೋನಿನಲ್ಲಿ ಹೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನಿನ್ನ ಅಪ್ಪನ ಮಂದ ಕಿವಿಗೆ ಬೀಳಲೆಂದು ಅವನು ಎಂದಿನ ಹಾಗೆ ಕೂಗುತ್ತಿದ್ದನಲ್ಲ, ನನಗೂ ಎಲ್ಲ ಕೇಳಿಸಿತು. ಅಮ್ಮನಿಗೆ ಕೊಡಿ ಎಂದು ಹಿಂದಿನಿಂದ ನೀನು ಹೇಳಿದ್ದೂ ಕೇಳಿಸಿತು. ಅಪ್ಪ ಮತ್ತೆ ಅದೇ ಹೇಳಿದರು, ಅಮ್ಮನದು ಅಧಿಕ ಮಾಸದ ಮೌನವ್ರತ ಎಂದು. ಒಂದು ತಿಂಗಳಿಂದ ಆ ನೆಪದಲ್ಲೇ ದಿನ ದೂಡಿದೆವು. ನಿನ್ನೆಗೆ ಅಧಿಕ ಮಾಸ ಮುಗಿಯಿತು, ನೆಪವೂ ಮುಗಿಯಿತು.

ನನ್ನದು ವ್ರತವಲ್ಲ, ಮಗಳೇ. ಗಂಟಲಿನಲ್ಲಿ ಗಡ್ಡೆ ಇತ್ತು, ಕೆಟ್ಟ ಗಡ್ಡೆ. ಜುಲೈಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಇನ್ನು ನಾನು ಮಾತಾಡುವ ಹಾಗಿಲ್ಲ. ನೀನು ತುಂಬು ಬಸುರಿ, ಹಾಸಿಗೆ ಬಿಟ್ಟು ಏಳಬಾರದೆಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಯಾವ ಬಾಯಿಂದ ಹೇಳಲಿ? ಈಗ ಬೈಯಬೇಕೆನಿಸಿದರೆ ಧಾರಾಳವಾಗಿ ಬೈ. ತಿರುಗಿ ಬೈಯುವ ಶಕ್ತಿ ನನಗಿಲ್ಲ ಎಂಬುದನ್ನು ಮಾತ್ರ ನೆನಪಿಡು.

ಆದರೆ ನಾನು ಬರೆಯಲು ಕುಳಿತದ್ದು ಜೋಗುಳದ ವಿಷಯಕ್ಕೆ. ನಮ್ಮ ಮನೆಯಲ್ಲಿ ಹೆಸರಿಡುವ ದಿನ ತಾಯಿಯ ತಾಯಿ ತೊಟ್ಟಿಲ ಹಗ್ಗ ಹಿಡಿದು ಆ ಜೋಗುಳ ಹಾಡಬೇಕು. ನಿನ್ನ ತೊಟ್ಟಿಲಿಗೆ ನನ್ನಮ್ಮ ಹಾಡಿದ್ದಳು. ಅವಳ ನಂತರ ಅದನ್ನು ಬಲ್ಲವಳು ನಾನೊಬ್ಬಳೇ. ಆಪರೇಷನ್ ಆಗಲೇಬೇಕೆಂದು ತಿಳಿದ ದಿನ ನನಗೆ ಬಂದ ಮೊದಲ ಚಿಂತೆ ಅದೇ, ಪುಟ್ಟಿಯ ತೊಟ್ಟಿಲಿಗೆ ಯಾರು ಹಾಡುತ್ತಾರೆ ಎಂದು.

ಮಹಡಿ ಮನೆಯ ಮುರಳೀಧರ ನೆನಪಿದ್ದಾನಲ್ಲ, ವಡಪಳನಿಯ ಡಬ್ಬಿಂಗ್ ಥಿಯೇಟರಿನಲ್ಲಿ ಕೆಲಸ ಮಾಡುವವನು. ನೀನು ಬಿಟ್ಟುಹೋದ ಕಂಪ್ಯೂಟರಿಗೆ ಅವನೇ ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಹಾಕಿ, ಮೈಕು ತಂದುಕೊಟ್ಟ. ತಾನೇ ರೆಕಾರ್ಡ್ ಮಾಡಿಕೊಡುತ್ತೇನೆ ಎಂದನು. ನಾನೇ ಬೇಡವೆಂದೆ. ಒಡೆದ ಗಂಟಲನ್ನು ಇನ್ನೊಬ್ಬರ ಎದುರು ತೆರೆಯಲು ನಾಚಿಕೆ. ನಾನೇ ಕಲಿಯುತ್ತೇನೆ ಎಂದು ಹಟ ಹಿಡಿದೆ.

ಕಲಿತ ಚಂದ ಕೇಳು. ಮೊದಲ ದಿನ ಇಡೀ ಜೋಗುಳ ಹಾಡಿ ನೋಡಿದರೆ ಒಂದು ಅಕ್ಷರವೂ ದಾಖಲಾಗಿರಲಿಲ್ಲ, ಮೈಕಿನ ತಂತಿಯನ್ನು ಸ್ಪೀಕರಿನ ತೂತಿಗೆ ಸಿಕ್ಕಿಸಿದ್ದೆ. ಇನ್ನೊಂದು ದಿನ ಹಾಡಿನ ನಡುವೆ ತರಕಾರಿಯವನ ಜೊತೆ ಚೌಕಾಸಿ ಮಾಡಿದ್ದೆಲ್ಲ ಅಚ್ಚುಕಟ್ಟಾಗಿ ಬಂದಿತ್ತು. ಹಾಡಿದ್ದು ಪರದೆಯ ಮೇಲೆ ಗೆರೆಗಳಾಗಿ ಕಾಣುತ್ತದೆ, ಶಾವಿಗೆ ಒಣಹಾಕಿದ ಹಾಗೆ. ಆ ಗೆರೆ ದಿನದಿನಕ್ಕೆ ಸಣ್ಣದಾಗುತ್ತಾ ಬಂತು. ಮೈಕು ಕೆಟ್ಟಿದೆ ಎಂದು ಮುರಳೀಧರನಿಗೆ ದೂರಿದೆ. ಅವನು ಮೈಕನ್ನು ಒರೆಸಿ, ತಂತಿಯನ್ನು ಮತ್ತೆ ಸಿಕ್ಕಿಸಿಕೊಟ್ಟು ಹೋದ. ಕೆಟ್ಟದ್ದು ಮೈಕಲ್ಲವೆಂದು ನನಗೂ ಗೊತ್ತಿತ್ತು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಹಾಡು ಹೇಗೋ ಕೂಡಿಬಂತು. ಅಲ್ಲಲ್ಲಿ ಗಂಟಲು ಜಾರಿದರೂ ಕೊನೆಯವರೆಗೂ ಹಾಡಿದೆ. ನನ್ನಮ್ಮ ಪಕ್ಕದಲ್ಲಿ ಕುಳಿತು ಕೇಳಿದ್ದರೆ ಪರವಾಗಿಲ್ಲ ಎನ್ನುತ್ತಿದ್ದಳು. ಬಸ್ಸಿನ ಸದ್ದು, ಪಕ್ಕದ ಮನೆಯ ಮಿಕ್ಸಿ ಸೇರಿಕೊಂಡಿತ್ತು, ಅಷ್ಟೇ. ಅದಕ್ಕೂ ಮುರಳೀಧರ ಉಪಾಯ ಕಲಿಸಿದ್ದ. "ಅಮ್ಮಾ, ಹಾಡೋಕೆ ಮುಂಚೆ ಕೊಂಚ ಸುಮ್ನೆ ಕೂತ್ಕೊಳ್ಳಿ. ಆ ಸುಮ್ನೆ ಇರೋ ಜಾಗ ಮಾತ್ರ ಸೆಲೆಕ್ಟ್ ಪಣ್ಣಿ, ಇದುದಾನ್ ಗಲಾಟೆ ಅಂತ ತೋರ್ಸಿ. ಹಾಡು ಪೂರಾ ಅದನ್ನ ತೆಗೆದುಬಿಡುತ್ತೆ" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದ್ದ.

ಹಾಗೆಯೇ ಮಾಡಿದೆ. ಸುಮ್ಮನೆಯೇ ಕುಳಿತಿದ್ದೆ. ಆದರೆ ಹಾಡುವ ಮೊದಲು ನಾನು ಹೇಗೆ ಕೂರುತ್ತೇನೆಂದು ನಿನಗೆ ಗೊತ್ತು. ಶ್ರುತಿಪೆಟ್ಟಿಗೆ ಹಾಕಿ, ಕಣ್ಣು ಮುಚ್ಚಿ, ಅದರಲ್ಲಿ ಮನಸ್ಸು ನಿಂತ ಮೇಲೆಯೇ ಬಾಯಿ ತೆರೆಯುವುದು. ಸಂಗೀತ ಪಾಠಕ್ಕೆ ಬರುವ ಹೆಂಗಸರಿಗೂ ಅದನ್ನೇ ಸುಮ್ಮನಿರುವುದು ಎಂದು ಕಲಿಸಿದವಳು ನಾನು. ಶ್ರುತಿಯನ್ನು ಸದ್ದೆಂದು ಎಣಿಸುವ ಯೋಚನೆಯೇ ನನಗೆ ಬರಲಿಲ್ಲ. ಆ ಜಾಗವನ್ನೇ ಗುರುತು ಮಾಡಿ ಗಲಾಟೆ ಎಂದು ತೋರಿಸಿದೆ. ಚೆನ್ನಾಗಿ ಶುದ್ಧವಾಗಲಿ ಎಂದು ಎಷ್ಟು ತೆಗೆಯಬೇಕೆಂದು ಹೇಳುವ ಗುಂಡಿಯನ್ನು ಕೊನೆಯವರೆಗೂ ಎಳೆದೆ. ಮೊದಲ ಸಾಲು ಕೇಳಿದಾಗ ಧ್ವನಿ ತೆಳ್ಳಗಿದೆ ಅನ್ನಿಸಿತು. ರೋಗದ ಗಂಟಲು, ಇನ್ನು ಹೇಗಿರುತ್ತದೆ ಎಂದುಕೊಂಡು ಅದೇ ಹೆಸರಿನಲ್ಲಿ ಸೇವ್ ಮಾಡಿ ಮುಚ್ಚಿಬಿಟ್ಟೆ. ಹಳೆಯದು ಅಳಿಸಿಹೋಯಿತು. ಅಪ್ಪ ಆಸ್ಪತ್ರೆಗೆ ಬಟ್ಟೆ ಜೋಡಿಸಲು ಕರೆಯುತ್ತಿದ್ದರು.

ನಾನು ಮನೆಗೆ ಮರಳಿದ ಮೇಲೆ ಮುರಳೀಧರ ಅದನ್ನು ಸಿ.ಡಿ.ಗೆ ಹಾಕಿಕೊಟ್ಟು, ಕೇಳಿ ನೋಡಲು ಕುಳಿತ. ಸ್ವಲ್ಪ ಹೊತ್ತಿಗೆ ಹೆಡ್‌ಫೋನ್ ತೆಗೆದು, "ಅಮ್ಮಾ, ಶ್ರುತಿ ಎಲ್ಲಿ?" ಎಂದ.

ಶ್ರುತಿಯ ಜೊತೆಗೆ ನಾನೂ ಹೋಗಿದ್ದೆ. ಧ್ವನಿ ಎಲ್ಲೆಲ್ಲಿ ಶ್ರುತಿಗೆ ಸೇರಿತ್ತೋ ಅಲ್ಲೆಲ್ಲ ಸಾಫ್ಟ್‌ವೇರ್ ಅದನ್ನೂ ಗಲಾಟೆ ಎಂದು ಒರೆಸಿಹಾಕಿದೆ. ಗಂಟಲು ಜಾರಿ ಅಪಸ್ವರ ಬಂದ ಕಡೆ ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಮುರಳೀಧರ ಥಿಯೇಟರಿಗೂ ಒಯ್ದು ಏನೇನೋ ಮಾಡಿ ನೋಡಿದ. ಹೋದದ್ದು ಬರುವುದಿಲ್ಲವಂತೆ.

ಸ್ವರ ಬರೆದು ಕಳಿಸಬಹುದು. ಓದಿ ಹಾಡುವವರು ಯಾರು? ನಿನಗೆ ಸ್ವರ ಬಾರದು, ನಿನ್ನ ಅತ್ತೆಯವರಿಗೆ ಕನ್ನಡ ಬಾರದು. ಧ್ವನಿ ಹೋದದ್ದಕ್ಕಿಂತ ಈ ದುಃಖವೇ ನನಗೆ ದೊಡ್ಡದಾಗಿದೆ. ಆ ಸಿ.ಡಿ.ಯನ್ನು ಮುರಿದು ಎಸೆದೆ, ಅಪ್ಪನಿಗೂ ತಿಳಿಸಿದ್ದೇನೆ. ತೊಟ್ಟಿಲ ದಿನ ನಿನ್ನ ಅತ್ತೆಯವರು ತಮಗೆ ಬಂದದ್ದನ್ನು ಹಾಡಲಿ. ನಾನು ನಾಗಪುರಕ್ಕೆ ಬರುವುದಿಲ್ಲ. ಕುತ್ತಿಗೆಯ ತೂತಿನಿಂದ ಉಸಿರಾಡುವವಳನ್ನು ಬಾಣಂತಿ ಕೋಣೆಯಲ್ಲಿ ಯಾರೂ ನೋಡುವುದು ಬೇಡ. ಅಪ್ಪ ಶುಕ್ರವಾರದ ರೈಲಿಗೆ ಹೊರಡುತ್ತಾರೆ. ಅವರಿಗಿಂತ ಮೊದಲು ತಲುಪಲೆಂದು ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ.

ತಲೆಗೆ ಬಟ್ಟೆ ಕಟ್ಟಿಕೋ. ಮಗುವಿನ ಕಿವಿಗೆ ಗಾಳಿ ಹೊಡೆಯದಂತೆ ನೋಡಿಕೋ.

ನಿನ್ನ ಅಮ್ಮ,
ಭೀಮಾಬಾಯಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದೆ. ಸಿ.ಡಿ. ಮುರಿದೆ, ಅಪ್ಪನಿಗೂ ತಿಳಿಸಿದೆ ಎಂದದ್ದು ಸುಳ್ಳು. ಅದು ಅಪ್ಪನ ಹತ್ತಿರವೇ ಇದೆ, ಹಾಡು ಕೆಟ್ಟದ್ದು ಅವರಿಗೆ ಗೊತ್ತಿಲ್ಲ. ಸಂಜೆ ಸಂಜೆ ಅದನ್ನು ಹಾಕಿ, ಸ್ಪೀಕರಿಗೆ ಕಿವಿ ಹಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೂರುತ್ತಾರೆ. ನನ್ನ ಧ್ವನಿ ಇಲ್ಲದ ಕಡೆಯೂ ಅವರ ತಾಳ ತಪ್ಪುವುದಿಲ್ಲ. ತಮ್ಮ ಕಿವಿಯದೇ ದೋಷವೆಂದುಕೊಂಡಿರಬೇಕು. ಪುಟ್ಟಿಯ ಬೆಳ್ಳಿ ಬಟ್ಟಲಿನ ಜೊತೆ ಅದನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. "ಎಲ್ಲರ ಮುಂದೆ ಹಾಕಸ್ತೀನಿ, ಕೇಳ್ಲಿ ಮಂದಿ" ಅನ್ನುತ್ತಾರೆ. ಹಾಕಲಿ ಬಿಡು, ಬೇಡ ಎನ್ನಬೇಡ. ಯಾರೂ ನಗದ ಹಾಗೆ ಅನಿಕೇತ್ ನೋಡಿಕೊಳ್ಳಲಿ. ಧ್ವನಿ ನಿಂತ ಕಡೆ ನೀನು ತೊಟ್ಟಿಲು ನಿಲ್ಲಿಸಬೇಡ. ಅಪ್ಪನ ಕೈ ನೋಡಿಕೊಂಡು ತೂಗು.