ಮೊದಲು ಕೇಳುವ ಹೆಸರು

ಮಾರ್ಚ್ 3, ಸೋಮವಾರ

ಎದ್ದೆ. ಹಲ್ಲುಜ್ಜಿದೆ. ಅಮ್ಮ ಕರೆದಳು, ಎಂದಿನಂತೆಯೇ. ಮೊದಲು "ದೊಡ್ಡೂ…" ಸ್ವಲ್ಪ ಹೊತ್ತು ಸುಮ್ಮನೆ. ಆಮೇಲೆ "ಅಲ್ಲ, ಸಣ್ಣೀ." ಅಣ್ಣ ತೀರಿಕೊಂಡು ಎರಡು ತಿಂಗಳು. ಅವಳ ಬಾಯಿಗೆ ಈಗಲೂ ಅವನ ಹೆಸರೇ ಮೊದಲು. ನನ್ನ ಹೆಸರು ಬಂದ ಮೇಲೆ ಓಗೊಟ್ಟು ಹೋದೆ. ಟೀ ಕುಡಿದೆ.

ನಾನು ಕಂಪ್ಯೂಟರ್ ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಹೊಸ ತಲೆನೋವು. ಹಿಂದಿನ ಬೀದಿಯ ಕಣ್ಣಿನ ಆಸ್ಪತ್ರೆಯನ್ನು ನಮ್ಮದಕ್ಕೆ ಸೇರಿಸಿದ್ದಾರೆ. ಎರಡು ಕಟ್ಟಡ, ಎರಡು ಸರ್ವರ್, ಎರಡು ಡೊಮೇನ್ — ಕಂಪ್ಯೂಟರುಗಳ ಮನೆತನದ ಹೆಸರು ಇದ್ದಂತೆ. ಪೂರ್ತಿ ಹೆಸರು ಟೈಪ್ ಮಾಡುವ ತಾಳ್ಮೆ ಯಾರಿಗೂ ಇಲ್ಲ. "ಫೋಟೋ" ಅಂತ ಹೊಡೆದರೆ ರೋಗಿಯ ಕಣ್ಣು ಪರದೆಯ ಮೇಲೆ ಬಂದುಬಿಡಬೇಕು. ಆ ತುಂಡು ಹೆಸರಿಗೆ ಯಾವ ಡೊಮೇನ್ ಅಂಟಿಸಿ ಹುಡುಕಬೇಕು ಅಂತ ಕಂಪ್ಯೂಟರಿಗೆ ಹೇಳಿಕೊಡುವುದು ರೂಟರ್. ಅದರ ಡಿಎಚ್‌ಸಿಪಿ ಎಂಬ ಸೆಟ್ಟಿಂಗ್ ಪುಟದಲ್ಲಿ ಇರುವುದೋ ಒಂದೇ ಖಾನೆ. ಕಾಮಾ ಹಾಕಿ ಎರಡನ್ನೂ ತುರುಕಿದೆ. ಎರಡೂ ಸೇರಿ ಒಂದೇ ಉದ್ದನೆಯ ಹೆಸರು ಅಂದುಕೊಂಡಿತು, ಬೆಪ್ಪು. ಇದ್ದದ್ದೂ ಕೆಟ್ಟಿತು.

ಮಾರ್ಚ್ 4

ರೂಟರಿನಲ್ಲೇ ಇನ್ನೊಂದು ದಾರಿ ಸಿಕ್ಕಿತು, ಆಪ್ಷನ್ 119 ಅಂತ. ಅಲ್ಲಿ ಎಷ್ಟು ಹೆಸರು ಬೇಕಾದರೂ ಕೊಡಬಹುದು, ಆದರೆ ಹೆಸರಿನ ಪ್ರತಿ ತುಂಡಿನ ಮುಂದೆ ಅದರಲ್ಲೆಷ್ಟು ಅಕ್ಷರ ಅಂತ ಬರೆಯಬೇಕು. ಒಂದು ಕಡೆ ಲೆಕ್ಕ ತಪ್ಪಿದೆ. ಎಲ್ಲವೂ ಕಸ. ಮತ್ತೆ ಎಣಿಸಿದೆ… ಆಯಿತು.

ಹೆಚ್ಚಿನ ಫೈಲುಗಳು ಹಿಂದಿನ ಬೀದಿಯ ಆ ಹಳೆಯ ಕಟ್ಟಡದಲ್ಲಿವೆ. ಅದಕ್ಕೇ ಹಳೆಯ ಡೊಮೇನ್ ಮೊದಲು, ನಮ್ಮದು ಆಮೇಲೆ. ರಿಸೆಪ್ಷನ್‌ನವಳಿಗೆ ವಿವರಿಸಿದೆ — ಮೊದಲ ಹೆಸರಿನಲ್ಲಿ ಕೇಳುತ್ತದೆ, ಸಿಗದಿದ್ದರೆ ಎರಡನೆಯದು. ಅವಳ ಅಮ್ಮನೂ ಹಾಗೆಯೇ ಅಂತೆ, ಇವಳನ್ನು ಕರೆಯುವ ಮೊದಲು ನಾಯಿಯನ್ನೂ ಸೇರಿಸಿ ಮನೆಮಂದಿಯನ್ನೆಲ್ಲ ಕರೆಯುತ್ತಾಳಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಖ ತಾನಾಗಿ ನಗುತ್ತದೆ, ಒಳ್ಳೆಯದೇ.

ಮಾರ್ಚ್ 9, ಭಾನುವಾರ

ಚಿಕ್ಕಮ್ಮ ಬಂದಿದ್ದಳು. ಅಮ್ಮ ಕರೆದದ್ದು ಕೇಳಿಸಿಕೊಂಡು ನನ್ನನ್ನು ಬಾಲ್ಕನಿಗೆ ಎಳೆದಳು. ಪ್ರತಿ ಸಲವೂ ತಿದ್ದಬೇಕಂತೆ, ಇಲ್ಲದಿದ್ದರೆ ಅಮ್ಮ ಇದರಿಂದ ಹೊರಗೇ ಬರುವುದಿಲ್ಲವಂತೆ. ಹೂಂ ಅಂದೆ. ನಾನು ಒಂದು ಹನಿಯೂ ಅತ್ತಿಲ್ಲ, ಗಟ್ಟಿಗಿತ್ತಿ ಅಂತ ಬೆನ್ನು ತಟ್ಟಿದಳು. ಗಟ್ಟಿ ಅಲ್ಲ. ಮರಗಟ್ಟಿದೆ, ಅಷ್ಟೇ. ಬಟ್ಟೆ ಒಣಗಿತ್ತು, ಮಡಚಿಟ್ಟೆ.

ಮಾರ್ಚ್ 17

ಹಳೆಯ ಕಟ್ಟಡಕ್ಕೆ ಶನಿವಾರ ಬೀಗ ಬಿತ್ತು. ಫೈಲುಗಳೆಲ್ಲ ನಮ್ಮ ಸರ್ವರಿಗೆ ಬಂದವು, ಅಲ್ಲಿಯದನ್ನು ಆರಿಸಿದರು. ಇವತ್ತು ಎಲ್ಲವೂ ಆಮೆನಡಿಗೆ. ಕಣ್ಣಿಗೆ ಹನಿ ಹಾಕಿಸಿಕೊಂಡ ರೋಗಿಗಳು ಸಾಲಾಗಿ ಕೂತಿದ್ದಾರೆ, ಫೋಟೋ ತೆರೆಯುವುದೇ ಇಲ್ಲ. ಕಾರಣ ಗೊತ್ತಾಯಿತು. ಪ್ರತಿ ಕಂಪ್ಯೂಟರೂ ಮೊದಲು ಹಳೆಯ ಹೆಸರಿನಲ್ಲಿ ಕೇಳುತ್ತಿದೆ. ಅಲ್ಲಿ ಯಾರೂ ಇಲ್ಲ. ಉತ್ತರಕ್ಕೆ ಕಾದು ಕಾದು ಆಮೇಲೆ ನಮ್ಮದಕ್ಕೆ ಬರುತ್ತಿದೆ.

ಡಾಕ್ಟರು ರೇಗಿದರು. "ಇಲ್ಲದೇ ಇರೋರನ್ನ ಯಾಕಮ್ಮ ಕೇಳ್ಕೊಂಡು ಕೂತಿದೆ ಇದು? ತೆಗೆದುಹಾಕು."

ತೆಗೆದೆ. ಕಂಪ್ಯೂಟರುಗಳನ್ನು ಒಂದೊಂದಾಗಿ ಆರಿಸಿ ಮತ್ತೆ ಆನ್ ಮಾಡಿದೆ. ಹೊಡೆದ ತಕ್ಷಣ ಫೋಟೋ. ಎಲ್ಲರಿಗೂ ಖುಷಿ.

ಮನೆಗೆ ಬಂದೆ. ಚಪ್ಪಲಿ ಬಿಡುತ್ತಿದ್ದೆ. ಅಡುಗೆಮನೆಯಿಂದ "ದೊಡ್ಡೂ…" ಆಮೇಲೆ ಆ ಮೌನ. ಹೇಳಿಬಿಟ್ಟೆ.

"ಅಮ್ಮಾ, ಅವನಿಲ್ಲ. ಇರೋದು ನಾನು. ನನ್ನನ್ನೇ ಕರಿ."

ಆಫೀಸಿನ ದನಿಯಲ್ಲೇ ಹೇಳಿದೆ. ಅಮ್ಮ ಒಲೆ ಆರಿಸಿದಳು.

"ಗೊತ್ತು ಕಣೇ," ಅಂದಳು.

ಮಾರ್ಚ್ 18

ಏನಿಲ್ಲ.

ಮಾರ್ಚ್ 21

ಅಮ್ಮ ಕರೆಯುವುದನ್ನೇ ಬಿಟ್ಟಿದ್ದಾಳೆ. ಏನಾದರೂ ಬೇಕಾದರೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ, ನಾನು ತಲೆ ಎತ್ತುವವರೆಗೆ. ನೆಂಟರ ಮನೆಯಲ್ಲಿ ಇದ್ದ ಹಾಗೆ ಇರುತ್ತಾಳೆ, ತನ್ನದೇ ಮನೆಯಲ್ಲಿ.

ಮಾರ್ಚ್ 30, ಭಾನುವಾರ

ಇವತ್ತು ಕರೆದಳು. "ಸಣ್ಣೀ."

ಅಷ್ಟೇ. ನೇರವಾಗಿ. ತಡವಿಲ್ಲ, ತಪ್ಪಿಲ್ಲ. ಹೋದೆ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ತೆಗೆದುಕೊಟ್ಟೆ. ಅದನ್ನು ಅಣ್ಣನೇ ಅಷ್ಟು ಬಿಗಿಯಾಗಿ ಮುಚ್ಚಿದ್ದಿರಬೇಕು. ಅವನ ಕೈ ಹಾಗೇ.

ಕೋಣೆಗೆ ಬಂದು ಕೂತೆ. ಮೊದಲ ಹೆಸರಿಗೂ ಎರಡನೆಯದಕ್ಕೂ ನಡುವಿನ ಆ ಚೂರು ಹೊತ್ತು… ಅಣ್ಣ ಈ ಮನೆಯಲ್ಲಿ ಉಳಿದದ್ದು ಅಲ್ಲಿ ಮಾತ್ರ. ಅದನ್ನೂ ನಾನೇ ತೆಗೆಸಿದೆ. ಅಳು ಬಂತು. ಬಾಯಿಗೆ ಟವೆಲ್ ಒತ್ತಿಕೊಂಡೆ, ಅಮ್ಮನಿಗೆ ಕೇಳಿಸಬಾರದು ಅಂತ.

ಏಪ್ರಿಲ್ 2, ಸಂಜೆ

ರೂಟರಿನಲ್ಲಾದರೆ ಹಳೆಯ ಸೆಟ್ಟಿಂಗ್ ಇಟ್ಟುಕೊಂಡಿದ್ದೇನೆ, ಒಂದು ಬಟನ್ ಒತ್ತಿದರೆ ವಾಪಸ್. ಅಮ್ಮನಿಗೆ ಏನು ಮಾಡಲಿ? ಕ್ಷಮಿಸು ಅಂದರೆ ಆ ಮಾತೇ ಮತ್ತೆ ಕೆದಕಿದಂತೆ. ಮೊನ್ನೆಯಿಂದ ಇದೇ ಯೋಚನೆ.

ಇವತ್ತು ಬಾಗಿಲು ತೆಗೆದವಳು ಅಲ್ಲೇ ನಿಂತು ಕೂಗಿದೆ. "ಅಣ್ಣಾ…"

ಒಳಗೆ ಪಾತ್ರೆಯ ಸದ್ದು ನಿಂತಿತು. ಕಾದೆ. ಅವನು ಓಗೊಡುವಷ್ಟು ಹೊತ್ತು ಬಿಟ್ಟು, "ಅಲ್ಲ, ಅಮ್ಮಾ" ಅಂದೆ.

ಅಮ್ಮ ಹೊರಗೆ ಬರಲಿಲ್ಲ. "ಕೈಕಾಲು ತೊಳ್ಕೊ," ಅಂದಳು. ದನಿ ಒದ್ದೆಯಾಗಿತ್ತು. ತೊಳೆದುಕೊಂಡು ಬಂದು ಕೋಣೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ನಲ್ಲಿ ನಿಲ್ಲಿಸಿದಳು. ತಟ್ಟೆ ಇಟ್ಟ ಸದ್ದು —

"ದೊಡ್ಡೂ…"

ಕರೆದಳು. ನಾನು ಓಗೊಟ್ಟಿಲ್ಲ. ಅವಸರವೇನಿಲ್ಲ, ಅಮ್ಮ ನಿಧಾನವಾಗಿಯೇ ಕರೆಯಲಿ. ಇನ್ನೇನು ನನ್ನ ಹೆಸರು —