ಕೈಕಟ್ಟಿ ಹಾಡಿಸಿದ ಹಾಡು

ಕೆಟಾ,
9 ಮಾರ್ಚ್ 2014

ಪ್ರೀತಿಯ ಡೆಲಾ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನೀನು ಅಕ್ರಾದಿಂದ ಕಳಿಸಿದ ಬಟ್ಟೆ ಕೈಸೇರಿ ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಶಾಲೆಯಲ್ಲಿ ನಡೆದದ್ದು ನೆನಪಾಗಿ, ಸಿಟ್ಟಿಗೆ ಕಾಗದ ಹರಿದು ಹಾಕುತ್ತಿದ್ದೆ. ಅಮ್ಮನ ಮಂಡಿನೋವು ಈಗ ಕಡಿಮೆ. ಬಲೆಗೆ ಮೀನೂ ಚೆನ್ನಾಗಿ ಬೀಳುತ್ತಿದೆ.

ಶಾಲೆಯ ಸಂಗೀತದ ತರಗತಿಯಲ್ಲಿ ನಾನು ಮಕ್ಕಳಿಗೆ ಕಲ್ಲಾಟದ ಹಾಡು ಕಲಿಸುತ್ತಿದ್ದೆ. ನಾವಿಬ್ಬರೂ ಅಂಗಳದಲ್ಲಿ ಆಡುತ್ತಿದ್ದೆವಲ್ಲ, ಅದೇ. ಸುತ್ತ ಕೂತು ಹಾಡುತ್ತ, ತಾಳಕ್ಕೆ ಸರಿಯಾಗಿ ಕಲ್ಲನ್ನು ಪಕ್ಕದವರ ಮುಂದೆ ಕುಟ್ಟಿ ಇಡುವುದು. ತಾಳ ತಪ್ಪಿದರೆ ಬೆರಳಿಗೆ ಪೆಟ್ಟು. ಸೆಲೊಮ್ ಎಂಬ ಹುಡುಗ ಪೆಟ್ಟು ತಿಂದಾಗ, "ಇವನ ಬೆರಳಿಗೆ ಹಸಿವು ಕಣ್ರೇ, ಕಲ್ಲು ತಿಂತು" ಎಂದು ಹುಡುಗಿಯರು ಕಿಚಾಯಿಸಿದರು. ಅವನೂ ನಕ್ಕ. ಹಲಗೆಯ ಮೇಲೆ ಎಷ್ಟು ಬರೆದರೂ ತಲೆಗೆ ಹತ್ತದ ತಾಳ ಅವನ ಕೈಗೆ ಹತ್ತಿತು.

ಮುಖ್ಯೋಪಾಧ್ಯಾಯ ಅಗ್ಬೆಕೊ ಕಿಟಕಿಯಿಂದ ಇಣುಕಿ, "ಏನಮ್ಮಾ ಟೀಚರ್, ಕಲ್ಲು ಕುಟ್ಟೋಕೆ ಇವರಪ್ಪ ಅಮ್ಮ ಯೂನಿಫಾರಂ ಹೊಲಿಸಿದ್ದಾರಾ?" ಎಂದರು. ಮಕ್ಕಳ ಕೈಯಿಂದಲೇ ಕಲ್ಲುಗಳನ್ನೆಲ್ಲ ಚರಂಡಿಗೆ ಹಾಕಿಸಿದರು.

ಆಮೇಲೆ ಶಿಕ್ಷಣಾಧಿಕಾರಿಗಳು ಬರುತ್ತಾರೆ, ಅವರಿಗೆ ಊರಿನ ಮಕ್ಕಳ ಹಾಡೇ ಬೇಕಂತೆ ಎಂಬ ಸುದ್ದಿ ಬಂತು. ಅದೇ ಮನುಷ್ಯ ಹಲ್ಲು ಕಿರಿಯುತ್ತ ಬಂದರು. "ನಮ್ಮ ಸಂಸ್ಕೃತಿ ಅಲ್ವಾ ಟೀಚರ್, ಹಾಡಿಸಿ. ಆದ್ರೆ ಸಾಲಾಗಿ ನಿಲ್ಲಲಿ, ಕೈ ಬೆನ್ನ ಹಿಂದೆ. ನೆಲದಲ್ಲಿ ಕೂರೋದು, ಕುಟ್ಟೋದು ಏನೂ ಬೇಡ." ಕೈ ಕಟ್ಟಿದ ಮೇಲೆ ಆ ಹಾಡಿನಲ್ಲಿ ಉಳಿಯುವುದೇನು, ಅಕ್ಕ?

ಅಧಿಕಾರಿಗಳು ಬಂದ ದಿನ ಮಕ್ಕಳು ಶಿಕ್ಷೆಗೆ ನಿಲ್ಲಿಸಿದವರಂತೆ ನಿಂತು ಹಾಡಿದರು. ತಾಳ ಎಲ್ಲೋ, ದನಿ ಎಲ್ಲೋ. ನನಗೆ ತಡೆಯಲಾಗಲಿಲ್ಲ. ನೀನು ಕಳಿಸಿದ ಹೊಸ ಬಟ್ಟೆಯಲ್ಲೇ ನೆಲಕ್ಕೆ ಕೂತೆ. ಚಪ್ಪಲಿ ಬಿಚ್ಚಿ, ಕುಟ್ಟಿ, ಹಾಡನ್ನು ಮೊದಲಿನಿಂದ ಎತ್ತಿದೆ. ಸೆಲೊಮ್ ಓಡಿ ಬಂದು ಪಕ್ಕದಲ್ಲಿ ಕೂತ. ಹಿಂದೆಯೇ ಎಲ್ಲರೂ ಕೂತರು. ಅಧಿಕಾರಿಗಳು ಚಪ್ಪಾಳೆ ತಟ್ಟಿದರು.

ಅವರ ಕಾರು ಗೇಟು ದಾಟುತ್ತಲೇ ಅಗ್ಬೆಕೊ ನನ್ನಿಂದ ಸಂಗೀತ ಕಿತ್ತುಕೊಂಡರು. "ನಾಳೆಯಿಂದ ಲೆಕ್ಕ ಹೇಳಿಕೊಡಿ. ಅಲ್ಲೂ ಚಪ್ಪಲಿ ಬೇಕಾದ್ರೆ ಹೇಳಿ."

"ಬೇಕಾದ್ರೆ ನಿಮ್ಮದೇ ಕೇಳ್ತೀನಿ ಸಾರ್" ಎಂದು ಹೇಳಿ ಹೊರಗೆ ಬಂದೆ.

ಭಾವನನ್ನೂ ಮಕ್ಕಳನ್ನೂ ದೇವರು ಚೆನ್ನಾಗಿಟ್ಟಿರಲಿ. ನಿನ್ನ ಮನೆಯಲ್ಲಿ ನಗು ತುಂಬಿರಲಿ.

ನಿನ್ನ ತಂಗಿ,
ಅಕ್ಪೆನೆ

ವಿ.ಸೂ.: ಎಲ್ಲರೂ ಕೂತರು ಎಂದು ಬರೆದೆ. ಒಬ್ಬಳು ಕೂರಲಿಲ್ಲ, ನನ್ನ ಮಗಳು ಎಯ್ರಮ್. ಕೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ಅಗ್ಬೆಕೊ ಮುಖವನ್ನೇ ನೋಡುತ್ತಿದ್ದಳು. ದಾರಿಯಲ್ಲಿ ಯಾಕೆಂದು ಕೇಳಿದೆ. "ಅಷ್ಟು ಜನರ ಮುಂದೆ ನೀನು ಏನೂ ಓದದವಳ ಥರ ನೆಲದಲ್ಲಿ ಕೂತ್ಕೊಂಡೆ, ಅಮ್ಮ. ನಂಗೆ ನಾಚಿಕೆ ಆಯ್ತು" ಎಂದಳು. ನಾನು ಬಟ್ಟೆಗೆ ಅಂಟಿದ್ದ ಮಣ್ಣು ಕೊಡವಿಕೊಂಡೆ. ಮನೆ ಮುಟ್ಟುವವರೆಗೂ ಅವಳು ನನ್ನ ಜೊತೆಯವಳೇ ಅಲ್ಲ ಎನ್ನುವಂತೆ ಮುಂದೆ ಮುಂದೆ ನಡೆದಳು.